ನರೆಗೂದಲಿನೊಂದಿಗೆ ನೌಕರಿ ಹುಡುಕುವಾಗ

2025ರ ಜೂನ್ ತಿಂಗಳ ಒಂದು ಮಧ್ಯಾಹ್ನ, ಕಾರವಾರದ ನಮ್ಮ ಮನೆಯ ಒಳಕೋಣೆಯಲ್ಲಿ ಕುಳಿತು, ಬೆಂಗಳೂರಿನ ಒಂದು ಕಂಪನಿಯವರಿಗೆ ಮೊಬೈಲಿನಲ್ಲಿ ಸಂದರ್ಶನ ಕೊಡುತ್ತಿದ್ದೆ. ಬೆಳಗಿನಿಂದ ಮಳೆ ಹಿಡಿದುಕೊಂಡಿತ್ತು, ಹಗಲಲ್ಲೇ ದೀಪ ಹಾಕಬೇಕಾದಷ್ಟು ಮೋಡ. ಟ್ಯೂಬ್‌ಲೈಟು ಸರಿಯಾಗಿ ನನ್ನ ತಲೆಯ ಮೇಲಿತ್ತು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ನನ್ನದೇ ಚಿತ್ರ ಕಾಣುತ್ತಿತ್ತು. ಹಣೆಯಿಂದ ಕೆಳಗಿನದು ನೆರಳಾಗಿ, ಹಣೆಯಿಂದ ಮೇಲಿನದು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ದಿನವೂ ಕನ್ನಡಿಯಲ್ಲಿ ನೋಡಿ ರೂಢಿಯಾಗಿದ್ದ ಕೂದಲನ್ನು ಅಂದು ಬೇರೆಯವರ ಕಣ್ಣಿನಿಂದ ಮೊದಲ ಬಾರಿಗೆ ನೋಡಿದೆ. ಆ ಕಡೆ ಇದ್ದ ಇಬ್ಬರಿಗೂ ಮೂವತ್ತರ ಆಸುಪಾಸಿನ ವಯಸ್ಸು. ಮರ್ಯಾದೆಯಿಂದಲೇ ಮಾತನಾಡಿದರು, ದಾಸ್ತಾನು ನಿರ್ವಹಣೆಯ ಬಗ್ಗೆ ಕೇಳಬೇಕಾದದ್ದನ್ನೆಲ್ಲ ಕೇಳಿದರು. ಕೊನೆಗೆ ಅವರಲ್ಲೊಬ್ಬರು, "ಸರ್, ನಿಮ್ಮ ಅನುಭವ ತುಂಬಾ ದೊಡ್ಡದು, ಆದರೆ ನಮ್ಮದು ಸ್ವಲ್ಪ ಎಳೆಯರ ತಂಡ" ಎಂದರು. ಮತ್ತೆ ಅವರಿಂದ ಕರೆ ಬರಲಿಲ್ಲ.

ಅಷ್ಟರಲ್ಲಿ ನಾನು ಕೆಲಸ ಕಳೆದುಕೊಂಡು ಮೂರು ತಿಂಗಳಾಗಿತ್ತು. ಮಡಗಾಂವ್ ಕಡೆಯ ಒಂದು ಔಷಧ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ 22 ವರ್ಷ ದುಡಿದಿದ್ದೆ. ಬೆಳಿಗ್ಗೆ ಕಾರವಾರದಲ್ಲಿ ರೈಲು ಹತ್ತಿ, ರಾತ್ರಿ ಅದೇ ದಾರಿಯಲ್ಲಿ ಮರಳುವ ಬದುಕು ಅದು. ಮಾರ್ಚ್‌ನಲ್ಲಿ ನಮ್ಮ ಘಟಕವನ್ನು ಮುಚ್ಚಿದರು. ನನಗೆ 50 ವರ್ಷ, ಮಗಳು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ, ಮನೆಯ ಸಾಲ ಇನ್ನೂ ತೀರಿಲ್ಲ. ಆ ಸಂಜೆ ಹೆಂಡತಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಒಂದು ಸಲ ಡೈ ಹಚ್ಚಿಕೊಂಡು ನೋಡಿ, ಅದರಲ್ಲಿ ಹೋಗುವುದೇನಿದೆ?" ಎಂದಳು. ಹೋಗುವುದೇನಿದೆ ಎಂಬ ಆ ಪ್ರಶ್ನೆಯನ್ನು ಮುಂದಿನ ಆರು ತಿಂಗಳು ನಾನು ಅಕ್ಷರಶಃ ಲೆಕ್ಕ ಹಾಕಿದ್ದೇನೆ. ಐವತ್ತರ ಹೊಸ್ತಿಲಲ್ಲಿ ಕೆಲಸ ಹುಡುಕುತ್ತಿರುವ ಯಾರಿಗಾದರೂ ಆ ಲೆಕ್ಕ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೇಳಲೇಬೇಕಾದ ಒಂದು ವಿಷಯವಿದೆ. ಸುಮಾರು ಒಂಬತ್ತು ವರ್ಷಗಳ ಹಿಂದೆ ನಮ್ಮ ವಿಭಾಗಕ್ಕೆ ಒಬ್ಬ ಸಹಾಯಕ ಬೇಕಾಗಿದ್ದಾಗ, ಮೇಜಿನ ಈ ಬದಿಯಲ್ಲಿ ಕುಳಿತು ಆಯ್ಕೆ ಮಾಡಿದವನು ನಾನೇ. ಬಂದವರಲ್ಲಿ ಅಂಕೋಲಾ ಕಡೆಯ ಒಬ್ಬರಿದ್ದರು, ವಯಸ್ಸು ನನ್ನ ಈಗಿನಷ್ಟೇ ಇದ್ದೀತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರಮಾಣಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಫೈಲಿನಲ್ಲಿ ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಕೇಳಿದ್ದಕ್ಕೆಲ್ಲ ಉಳಿದ ಎಲ್ಲರಿಗಿಂತ ಚೆನ್ನಾಗಿ ಉತ್ತರ ಕೊಟ್ಟರು. ಅವರು ಮಾತನಾಡುತ್ತಿದ್ದಾಗಲೇ ನನ್ನ ತಲೆಯಲ್ಲಿ ಮೂರು ಯೋಚನೆಗಳು ಓಡುತ್ತಿದ್ದವು: ಇವರು ಏಣಿ ಹತ್ತಿ ಮೇಲಿನ ಹಲಗೆಯ ಪೆಟ್ಟಿಗೆ ಇಳಿಸಬಲ್ಲರೇ, 28 ವರ್ಷದ ನಮ್ಮ ಸೂಪರ್‌ವೈಸರ್ ಹೇಳಿದ್ದನ್ನು ಬೇಸರವಿಲ್ಲದೆ ಮಾಡುವರೇ, ಇನ್ನೆಷ್ಟು ವರ್ಷ ಇದ್ದಾರು. ಮೂರರಲ್ಲಿ ಒಂದನ್ನೂ ನಾನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಅವರಿಗೆ ನೋವಾದೀತೆಂದು ಸುಮ್ಮನಿದ್ದೆನೆಂದು ಅಂದು ತಿಳಿದುಕೊಂಡಿದ್ದೆ. ಕೇಳದೆಯೇ ಮೂರಕ್ಕೂ ನಾನೇ ಉತ್ತರ ಬರೆದುಕೊಂಡು, 26 ವರ್ಷದ ಒಬ್ಬ ಹುಡುಗನನ್ನು ತೆಗೆದುಕೊಂಡೆ. ಆ ಹುಡುಗ 14 ತಿಂಗಳಿಗೆ ಬೇರೆ ಕಂಪನಿಗೆ ಹೋದ. ಅವರ ಹೆಸರು ನನಗೆ ಮರೆತುಹೋಗಿದೆ, ಆದರೆ ಆ ಬಿಳಿ ಕೂದಲು ಮರೆತಿಲ್ಲ. ನೋಡಿದ್ದು ಅದನ್ನೊಂದೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೀಗಾಗಿ, ಕೂದಲಿನ ಬಣ್ಣ ಯಾರ ಗಮನಕ್ಕೂ ಬರುವುದಿಲ್ಲ, ಅರ್ಹತೆಯೊಂದಿದ್ದರೆ ಸಾಕು ಎಂದು ಯಾರಾದರೂ ಸಮಾಧಾನ ಹೇಳಿದರೆ ನಾನು ಒಪ್ಪಲಾರೆ. ಸರ್ಕಾರದ ನೇಮಕಾತಿಯಲ್ಲಾದರೆ ಗರಿಷ್ಠ ವಯೋಮಿತಿಯನ್ನು ಪ್ರಕಟಣೆಯಲ್ಲೇ ಅಚ್ಚು ಹಾಕುತ್ತಾರೆ. ಕರ್ನಾಟಕದಲ್ಲಿ ಬಹುಕಾಲದಿಂದ ನಡೆದುಬಂದದ್ದು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40. ಓದಿದವನಿಗೆ ಬಾಗಿಲು ಮುಚ್ಚಿದೆಯೆಂದು ಆ ಕ್ಷಣದಲ್ಲೇ ತಿಳಿಯುತ್ತದೆ. ಖಾಸಗಿಯವರು ಹಾಗೆ ಬರೆಯುವುದು ಕಡಿಮೆ, ಆದ್ದರಿಂದ ಅಲ್ಲಿ ಅಳತೆಗೋಲು ಕಣ್ಣಿನಲ್ಲಿರುತ್ತದೆ. ನಮ್ಮ ಸಂವಿಧಾನದ 15 ಮತ್ತು 16ನೆಯ ವಿಧಿಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮುಂತಾದವುಗಳ ಆಧಾರದ ಮೇಲೆ ಭೇದ ಮಾಡಬಾರದೆನ್ನುತ್ತವೆ, ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಅಮೆರಿಕದಲ್ಲಿ 40 ದಾಟಿದವರಿಗೆ ಉದ್ಯೋಗದಲ್ಲಿ ರಕ್ಷಣೆ ಕೊಡುವ ಕಾಯಿದೆ 1967ರಲ್ಲೇ ಬಂದಿದೆ. ನಮ್ಮಲ್ಲಿ ಖಾಸಗಿ ನೌಕರಿಗೆ ಅಂಥದ್ದೊಂದು ಇಲ್ಲದಿರುವುದು ನನ್ನಂಥವರಿಗೆ ದೊಡ್ಡ ಕೊರತೆಯೆಂದೇ ನಾನು ಭಾವಿಸುತ್ತೇನೆ. ಆ ಕೊರತೆಯ ನಡುವೆ ನಿಂತು ಒಬ್ಬ ಮನುಷ್ಯ ತಲೆಗೆ ಬಣ್ಣ ಹಚ್ಚಿಕೊಂಡರೆ ಅದನ್ನು ಮೋಸವೆಂದು ಕರೆಯುವ ಮನಸ್ಸು ನನಗಿಲ್ಲ.

ಮೋಸವಾಗುವುದಕ್ಕೆ ಅಲ್ಲಿ ಮುಚ್ಚಿಡುವಂಥದ್ದೇನೂ ಉಳಿದಿರುವುದೂ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ತಾರೀಖಿದೆ, ಆಧಾರ್‌ನಲ್ಲಿದೆ, ಭವಿಷ್ಯ ನಿಧಿಯ ಖಾತೆಯಲ್ಲಿದೆ. ಸ್ವವಿವರದಲ್ಲಿ 1991ರ ಎಸ್‌ಎಸ್‌ಎಲ್‌ಸಿ ಎಂದು ಬರೆದರೆ ಯಾರಾದರೂ ಬೆರಳಲ್ಲೇ ಎಣಿಸಬಹುದು. ಆ ಇಸವಿಯನ್ನು ತೆಗೆದುಹಾಕು, ಫೋಟೊ ಹಚ್ಚಬೇಡ, ಕೊನೆಯ ಹತ್ತು ವರ್ಷದ ಕೆಲಸವನ್ನಷ್ಟೇ ಬರೆ ಎಂದು ಗೆಳೆಯನೊಬ್ಬ ಸಲಹೆ ಕೊಟ್ಟಿದ್ದ. ಫೋಟೊ ತೆಗೆದೆ, ಇಸವಿಗಳನ್ನು ಉಳಿಸಿಕೊಂಡೆ. ಕಾಗದ ನಿಜ ಹೇಳುತ್ತಲೇ ಇರುವಾಗ ಬಣ್ಣ ಮಾಡುವುದು ಇಷ್ಟೇ: ಬಾಗಿಲು ತೆರೆದು ಒಳಗೆ ಕಾಲಿಟ್ಟ ಮೊದಲ ಅರ್ಧ ನಿಮಿಷದಲ್ಲಿ ಆ ಮೂರು ಯೋಚನೆಗಳು ಎದುರಿನವರ ತಲೆಯಲ್ಲಿ ಏಳದಂತೆ ತಡೆಹಿಡಿಯುವುದು. ಒಬ್ಬರು ನಮ್ಮ ಮಾತನ್ನು ಕೇಳುತ್ತಾರೋ ಇಲ್ಲವೋ ಎಂಬುದು ಎಷ್ಟೋ ಸಲ ಆ ಅರ್ಧ ನಿಮಿಷದಲ್ಲೇ ತೀರ್ಮಾನವಾಗುವುದರಿಂದ, ಅದನ್ನು ಹಗುರವಾಗಿ ಕಾಣುವಂತಿಲ್ಲ.

ಜುಲೈ ಎರಡನೆಯ ವಾರ ಹುಬ್ಬಳ್ಳಿಯಲ್ಲಿ ಒಂದು ಸಂದರ್ಶನವಿತ್ತು, ಸೋಮವಾರ. ಶುಕ್ರವಾರ ಸಂಜೆ ಅಂಗಡಿಯಿಂದ ಪುಡಿಯ ಪೊಟ್ಟಣ ತಂದೆ. ಬಚ್ಚಲಿನ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಪುಡಿಯನ್ನು ನೀರು ಹಾಕಿ ಕಲಸಿದೆ. ಮೊದಲು ಮಣ್ಣಿನ ಬಣ್ಣಕ್ಕಿದ್ದದ್ದು, ನೋಡುತ್ತಿದ್ದಂತೆ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬಂತು. ಚರ್ಮಕ್ಕೆ ಹತ್ತಬಾರದೆಂದು ಹಣೆಯಂಚಿಗೂ ಕಿವಿಗೂ ಹೆಂಡತಿ ಕೊಬ್ಬರಿ ಎಣ್ಣೆ ಸವರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೈತಲೆ ಬೈತಲೆ ಬಿಡಿಸಿ ಹಚ್ಚಿದಳು. ಅರ್ಧ ಗಂಟೆಯ ನಂತರ ತಲೆ ತೊಳೆದಾಗ ಬಚ್ಚಲಿನ ತೂತಿನವರೆಗೂ ಮಸಿಯಂಥ ನೀರು ಹರಿಯಿತು. ಕನ್ನಡಿಯ ಮುಂದೆ ನಿಂತಾಗ ನಿಜಕ್ಕೂ ಸಂತೋಷವಾಯಿತು, ಅದನ್ನೇಕೆ ಮುಚ್ಚಿಡಲಿ. ನಲವತ್ತರಲ್ಲಿದ್ದ ನನ್ನ ಮುಖ ಅಲ್ಲಿತ್ತು, ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅಂಥ ಧೈರ್ಯ ಸಣ್ಣ ಮಾತಲ್ಲ. ತಿಂಗಳುಗಟ್ಟಲೆ ಬೇಡವೆನಿಸಿಕೊಂಡ ಮನುಷ್ಯನಿಗೆ ಅದು ಬೇಕಾಗುತ್ತದೆ.

ಭಾನುವಾರ ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆಗಳು ಬಾತುಕೊಂಡಿದ್ದವು. ಕಿವಿಯ ಹಿಂದೆ ಕೆಂಪಾಗಿ, ಹಣೆಯಂಚಿನಲ್ಲಿ ನೀರುಗುಳ್ಳೆ ಎದ್ದು, ತಡೆಯಲಾರದ ತುರಿಕೆ. ನೋಡಿದ ಚರ್ಮವೈದ್ಯರು ಒಂದೇ ಮಾತು ಕೇಳಿದರು, ಹಚ್ಚುವ ಮೊದಲು ಪರೀಕ್ಷೆ ಮಾಡಿದ್ದಿರಾ ಎಂದು. ಮಾಡಿರಲಿಲ್ಲ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವ ಪ್ಯಾರಾ-ಫೀನಿಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ ಎನ್ನುವ ರಾಸಾಯನಿಕ, ಕೂದಲಿನ ಎಳೆಯೊಳಗೆ ಹೋಗಿ ಪೆರಾಕ್ಸೈಡಿನ ಜೊತೆ ಸೇರಿ ದೊಡ್ಡ ಅಣುವಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಬಣ್ಣ ತೊಳೆದರೂ ಹೋಗದಿರುವುದು ಅದರಿಂದಲೇ. ಕೆಲವರ ಚರ್ಮಕ್ಕೆ ಅದು ಆಗದು, ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು. ಅದಕ್ಕಾಗಿಯೇ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಗೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕೆಂದು ಪೊಟ್ಟಣದ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಆ ಅಕ್ಷರಗಳನ್ನು ಓದಲು ಕನ್ನಡಕ ಬೇಕಾಗುವ ವಯಸ್ಸಿನವರೇ ಅದನ್ನು ಕೊಳ್ಳುವವರು. ಇನ್ನಷ್ಟು ದೊಡ್ಡದಾಗಿ ಅಚ್ಚು ಹಾಕಬೇಕೆಂದು ನನಗೆ ಅನ್ನಿಸುತ್ತದೆ. ಹುಬ್ಬಳ್ಳಿಗೆ ಫೋನ್ ಮಾಡಿ ಬೇರೆ ದಿನ ಕೇಳಿಕೊಂಡೆ. ಗುರುವಾರ ಮರಳಿ ಕೇಳುವಷ್ಟರಲ್ಲಿ ಆ ಜಾಗ ತುಂಬಿತ್ತು.

ಮದರಂಗಿ ಇತ್ತಲ್ಲ ಎಂದು ಕೇಳಬಹುದು. ಶಿರಸಿ ಕಡೆಯ ನಮ್ಮ ಊರಿನಲ್ಲಿ ಆಯಿ, ಅಂದರೆ ಅಮ್ಮ, ಇದ್ದಾರೆ, 78 ವರ್ಷ. ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಅವರೇ ಮದರಂಗಿ ಸೊಪ್ಪು ಅರೆದುಕೊಟ್ಟರು. ಶುದ್ಧ ಮದರಂಗಿಯಲ್ಲಿ ಪಿಪಿಡಿ ಇರುವುದಿಲ್ಲ, ಆದರೆ ಬಿಳಿ ಕೂದಲಿಗೆ ಹಚ್ಚಿದರೆ ಅದು ಕೆಂಗಿತ್ತಳೆಯಾಗುತ್ತದೆ, ಕಪ್ಪಾಗಬೇಕಾದರೆ ಅದರ ಮೇಲೆ ನೀಲಿ ಗಿಡದ ಎಲೆಯ ಪುಡಿಯನ್ನು ಮತ್ತೊಂದು ಸುತ್ತು ಹಚ್ಚಬೇಕು. ಅಂಗಡಿಯಲ್ಲಿ ಕಪ್ಪು ಮೆಹಂದಿಯೆಂದು ಮಾರುವುದರಲ್ಲಿ ಅನೇಕ ಸಲ ಅದೇ ಪಿಪಿಡಿ ಬೆರೆತಿರುತ್ತದೆ, ನನ್ನಂಥವರು ಅದರ ಹತ್ತಿರ ಹೋಗಬಾರದು. ತಲೆ ಒಣಗಿಸಿಕೊಂಡು ಜಗಲಿಗೆ ಬಂದಾಗ ಆಯಿ ಸ್ವಲ್ಪ ಹೊತ್ತು ನೋಡಿ, "ತಮಾ, ನಿನ್ನ ಅಪ್ಪಂಗೆ ನಲವತ್ತಕ್ಕೇ ಪೂರ್ತಿ ಬೆಳ್ಳಗಾಗಿತ್ತು" ಎಂದರು. ಒಳ್ಳೆಯದಾಯಿತೆಂದೋ ಬೇಡವಿತ್ತೆಂದೋ ಹೇಳಲಿಲ್ಲ. ಭಟ್ಕಳದ ಪೇಟೆಯಲ್ಲಿ ಹಿರಿಯರು ಗಡ್ಡಕ್ಕೆ ಇದೇ ಬಣ್ಣ ಹಚ್ಚಿಕೊಂಡು ಕುಳಿತಿರುವುದನ್ನು ನೋಡಿದ್ದೇನೆ. ಅಲ್ಲಿ ಅದು ವಯಸ್ಸನ್ನು ಮರೆಮಾಡುವುದಿಲ್ಲ, ವಯಸ್ಸಿಗೊಂದು ಗೌರವ ತೊಡಿಸುತ್ತದೆ. ನನಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ.

ಊರಿನಲ್ಲಿದ್ದ ಆ ನಾಲ್ಕು ದಿನ ಚಿಕ್ಕಂದಿನ ತಾಳಮದ್ದಳೆಗಳು ನೆನಪಾದವು. ರಾಮನ ಪಟ್ಟಾಭಿಷೇಕದ ಪ್ರಸಂಗವೆಂದರೆ ದಶರಥನ ಅರ್ಥ ಹೇಳುವವರು ಕಿವಿಯ ಬಳಿ ಕಂಡ ಒಂದು ನರೆಗೂದಲಿನ ಮೇಲೆಯೇ ಬಹಳ ಹೊತ್ತು ಮಾತು ಬೆಳೆಸುತ್ತಿದ್ದರು: ಮುಪ್ಪು ಕಿವಿಯ ಹತ್ತಿರವೇ ಬಂದು ನಿಂತದ್ದು, ರಾಜ್ಯವನ್ನು ರಾಮನಿಗೆ ಒಪ್ಪಿಸು ಎಂದು ಪಿಸುಗುಡುವುದಕ್ಕಾಗಿ ಎಂದು. ಕೇಳುವುದಕ್ಕೆ ಬಹಳ ಸೊಗಸು. ಆದರೆ ದಶರಥನಿಗೆ ಒಪ್ಪಿಸಲು ರಾಜ್ಯವಿತ್ತು, ವಹಿಸಿಕೊಳ್ಳಲು ಮಗ ಸಿದ್ಧನಾಗಿದ್ದ. ಐವತ್ತರ ನೌಕರನ ಕಿವಿಯಲ್ಲಿ ನರೆ ಬಂದು ಬಿಟ್ಟುಕೊಡು ಎಂದರೆ ಅವನು ಏನನ್ನು ಯಾರಿಗೆ ಬಿಟ್ಟುಕೊಡಬೇಕು? ಭವಿಷ್ಯ ನಿಧಿಯ ಪಿಂಚಣಿ ಪೂರ್ಣವಾಗಿ ಸಿಗುವುದು 58ಕ್ಕೆ. ಅಲ್ಲಿಯವರೆಗೆ ಎಂಟು ವರ್ಷ ದುಡಿಯುವ ದೇಹವೂ ಇದೆ, ದುಡಿಯಲೇಬೇಕಾದ ಅಗತ್ಯವೂ ಇದೆ.

ಆ ಎಂಟು ವರ್ಷವೇ ನನ್ನ ಲೆಕ್ಕದ ಮುಖ್ಯ ಬಾಬತ್ತು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಕೂದಲಿಗೆ ಬಣ್ಣ ತುಂಬುವ ಜೀವಕೋಶಗಳಿರುವುದು ಬುಡದಲ್ಲಿ, ಹಚ್ಚಿದ ಬಣ್ಣ ಅಲ್ಲಿಗೆ ಇಳಿಯುವುದಿಲ್ಲ. ಹೊಸದಾಗಿ ಬರುವ ಕೂದಲು ಬೆಳ್ಳಗೇ ಬರುತ್ತದೆ. ಮೂರನೆಯ ವಾರಕ್ಕೆ ಬೈತಲೆಯ ಗುಂಟ ಸುಣ್ಣದ ಗೆರೆ ಎಳೆದಂತೆ ಕಾಣತೊಡಗುತ್ತದೆ, ನಮ್ಮ ಕರಾವಳಿಯ ಮೇ ತಿಂಗಳ ಬೆವರಿನಲ್ಲಂತೂ ದಿನವೂ ತಲೆ ತೊಳೆಯುವುದರಿಂದ ಮೇಲಿನದೂ ಬೇಗ ಮಾಸುತ್ತದೆ. ಕಪ್ಪು ತಲೆಯಲ್ಲಿ ಒಳಗೆ ಹೋಗಿ ಕೆಲಸ ಹಿಡಿದವನು ಮರುತಿಂಗಳೇ ಬಿಳಿ ತಲೆಯಲ್ಲಿ ಕಾಣಿಸಿಕೊಳ್ಳಲು ಹಿಂಜರಿಯುತ್ತಾನೆ. ನಾಲ್ಕು ವಾರಕ್ಕೊಮ್ಮೆಯೆಂದರೆ ವರ್ಷಕ್ಕೆ 13 ಸಲ, ಎಂಟು ವರ್ಷಕ್ಕೆ 104 ಸಲ. ಹೆಂಡತಿ ಕೇಳಿದ್ದಳಲ್ಲ, ಹೋಗುವುದೇನಿದೆ ಎಂದು. ನನ್ನ ಉತ್ತರ ಈ ಸಂಖ್ಯೆ. ಒಂದು ಸಂದರ್ಶನಕ್ಕೆಂದು ಹಚ್ಚಿದ ಬಣ್ಣ ಎಂಟು ವರ್ಷದ ಕರಾರಾಗುತ್ತದೆ. ಚರ್ಮಕ್ಕೆ ಒಗ್ಗುವವರಿಗೆ, ಅದರಲ್ಲಿ ಬೇಸರವಿಲ್ಲದವರಿಗೆ ಆ ಕರಾರು ಭಾರವಲ್ಲ. ಎರಡು ಸುತ್ತಿನ ಮದರಂಗಿ ಮತ್ತು ನೀಲಿಯಲ್ಲಿ, ಪ್ರತಿ ಸಲವೂ ಅರ್ಧ ದಿನ ಕೊಟ್ಟು ಅದನ್ನು ಪಾಲಿಸುವ ಮನಸ್ಸು ನನಗೆ ಬರಲಿಲ್ಲ.

ಇದನ್ನು ಹೆಂಡತಿಗೆ ಹೇಳಿದಾಗ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯದೆ ಹೋದರೆ ಅನ್ಯಾಯವಾಗುತ್ತದೆ. ಅವಳು ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ, ಹತ್ತು ವರ್ಷದಿಂದ ತಪ್ಪದೆ ಬಣ್ಣ ಹಚ್ಚುತ್ತಿದ್ದಾಳೆ. "ನಿಮಗೆ ಹಚ್ಚಬೇಕೋ ಬೇಡವೋ ಎಂದು ಯೋಚಿಸಲು ಆರು ತಿಂಗಳು ಸಿಕ್ಕಿತು. ನಮ್ಮನ್ನು ಯಾರೂ ಕೇಳಲೇ ಇಲ್ಲ" ಎಂದಳು. ನಿಜ. ನರೆತ ಗಂಡಸಿಗೆ ಅನುಭವಿಯೆಂಬ ಹೆಸರಾದರೂ ಸಿಗುವುದುಂಟು. ವಕೀಲರಲ್ಲಿ, ವೈದ್ಯರಲ್ಲಿ, ಭಾಗವತರಲ್ಲಿ ಜನ ಅದನ್ನು ಬಯಸುವುದೂ ಉಂಟು. ಅದೇ ಕೂದಲಿನ ಹೆಂಗಸು ಗೋಕರ್ಣದ ಯಾವುದಾದರೂ ರೆಸಾರ್ಟಿನ ಸ್ವಾಗತದ ಮೇಜಿಗೆ ಅರ್ಜಿ ಹಾಕಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಅವಳ 10 ವರ್ಷದ 130 ಸಲವನ್ನು ನಾನು ಎಂದೂ ಲೆಕ್ಕ ಹಾಕಿರಲಿಲ್ಲ.

ಆ ದಿನಗಳಲ್ಲಿ ಸಂಜೆ ಕಡಲತೀರಕ್ಕೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ನಮ್ಮ ಕಾರವಾರದ ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಆ ಹೆಸರು ಹೇಳಿದೊಡನೆ ಎಲ್ಲರ ಕಣ್ಣಿಗೂ ಬರುವುದು ಉದ್ದನೆಯ ಬಿಳಿ ಗಡ್ಡ. ಆದರೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಬಂದದ್ದು 1883ರಲ್ಲಿ, ಆಗ ಅವರಿಗೆ 22 ವರ್ಷ. ಮರಳಿನ ಮೇಲೆ ನಡೆದಾಡಿದ್ದು ಕಪ್ಪು ಕೂದಲಿನ ಹುಡುಗ. ಒಬ್ಬ ಮನುಷ್ಯನ ಎಷ್ಟೆಲ್ಲ ವರ್ಷಗಳನ್ನು ಬದಿಗೆ ಸರಿಸಿ ಒಂದೇ ಬಣ್ಣದಲ್ಲಿ ಅವನನ್ನು ನೆನಪಿಟ್ಟುಕೊಳ್ಳುತ್ತೇವೆಂದು ಅಲ್ಲಿ ಕುಳಿತಾಗ ಅನ್ನಿಸುತ್ತಿತ್ತು.

ಅಕ್ಟೋಬರ್‌ನಲ್ಲಿ ಶಿರಸಿಯ ಒಂದು ಅಡಿಕೆ ಮತ್ತು ಕಾಳುಮೆಣಸಿನ ವಖಾರಿಯಿಂದ ಕರೆ ಬಂತು. ಮದರಂಗಿಯ ಬಣ್ಣವಿದ್ದ ತುದಿಗಳನ್ನು ಕ್ಷೌರದಂಗಡಿಯಲ್ಲಿ ಕತ್ತರಿಸಿ ತೆಗೆಸಿ, ಬಿಳಿ ತಲೆಯನ್ನು ಸಣ್ಣದಾಗಿ, ಒಪ್ಪವಾಗಿ ಬಾಚಿಕೊಂಡು ಹೋದೆ. ಒಂದು ಮಾತನ್ನು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ: ಅಂಕೋಲಾದ ಆ ಹಿರಿಯರನ್ನು ನಾನು ಕೇಳದೆ ಬಿಟ್ಟ ಮೂರು ಪ್ರಶ್ನೆಗಳನ್ನು ಈ ಸಲ ನಾನೇ ಎತ್ತಬೇಕು. ಎದುರಿಗಿದ್ದವರು ಮಾಲೀಕರು ಮತ್ತು ಅವರ ಮಗಳು. ವ್ಯವಹಾರ ನೋಡಿಕೊಳ್ಳುವವಳು ಮಗಳೇ, ಮೂವತ್ತು ದಾಟಿರಲಿಲ್ಲ. ನನ್ನ ವಯಸ್ಸು 50, ಇನ್ನು ಎಂಟು ವರ್ಷ ಇಲ್ಲೇ ಇರಬಯಸುತ್ತೇನೆ, ಆ ಎಂಟು ವರ್ಷದಲ್ಲಿ ನೀವು ಬೇರೆಯವರಿಗೆ ಮೂರು ಸಲ ಕೆಲಸ ಕಲಿಸಬೇಕಾದೀತು ಎಂದೆ. ಕಿರಿಯರ ಕೈಕೆಳಗೆ ಹಿಂದೆಯೂ ದುಡಿದಿದ್ದೇನೆ, ಮೇಡಂ ಹೇಳಿದ ಮೇಲೆ ಎರಡನೆಯ ಸಲ ಹೇಳಿಸಿಕೊಳ್ಳುವ ಅಭ್ಯಾಸವಿಲ್ಲ ಎಂದೆ. ಚೀಲ ಹೊರುವುದಕ್ಕೆ ಆಳುಗಳಿರುತ್ತಾರೆ, ಆದರೆ ಯಾವ ಚೀಲ ಯಾವಾಗ ಬಂತು, ಯಾವುದು ಮೊದಲು ಹೊರಡಬೇಕು ಎಂದು ನೋಡಲು ಅಟ್ಟದವರೆಗೂ ಹತ್ತುತ್ತೇನೆ ಎಂದು ಹೇಳಿ, ಅವರು ಒಪ್ಪಿದ ಮೇಲೆ ಹತ್ತಿಯೂ ತೋರಿಸಿದೆ. ಮೇಲೆ ಅಡಿಕೆಯ ಬಗೆಗಳಾದ ರಾಶಿ, ಚಾಲಿ, ಬೆಟ್ಟೆಗಳನ್ನು ಬೇರೆ ಬೇರೆ ಒಟ್ಟಿದ್ದರು. ಹಿಂದಿನ ವರ್ಷದ ಚಾಲಿಯ ಆರು ಚೀಲಗಳು ಹೊಸದರ ಹಿಂದೆ ಸಿಕ್ಕಿಬಿದ್ದಿದ್ದವು. ಅದನ್ನು ಕೆಳಗೆ ಬಂದು ಹೇಳಿದಾಗ ಆ ಹುಡುಗಿ ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದಳು.

ಸಂಬಳ ಹಿಂದಿನದಕ್ಕಿಂತ ಮೂರನೆಯ ಒಂದು ಭಾಗ ಕಡಿಮೆ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬರುತ್ತೇನೆ. ಬಿಳಿ ತಲೆಯಿಂದಲೇ ಕೆಲಸ ಸಿಕ್ಕಿತೆಂದು ನಾನು ಹೇಳಲಾರೆ. ಅದಕ್ಕೆ ಮೊದಲು ಅದೇ ತಲೆಯಲ್ಲಿ ನಾಲ್ಕು ಕಡೆ ಬೇಡವೆನಿಸಿಕೊಂಡಿದ್ದೇನೆ, ಬೆಂಗಳೂರಿನ ಆ ಪರದೆಯ ಮುಂದೆ ಇಷ್ಟೆಲ್ಲ ಹೇಳಿದ್ದರೂ ಫಲ ಬೇರೆಯಾಗುತ್ತಿತ್ತೋ ಇಲ್ಲವೋ. ಕೆಲವು ಕಡೆ ಬಾಗಿಲು ದಾಟುವುದಕ್ಕೇ ಬಣ್ಣ ಬೇಕು, ಅಂಥ ಕಡೆ ಹೋಗುವವರು ಹಚ್ಚಿಕೊಂಡು ಹೋಗಲಿ. ಆದರೆ ಹಚ್ಚಿದ ತಲೆಯೂ ಆ ಮೂರು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡೇ ಹೋಗಬೇಕು, ಏಕೆಂದರೆ ಅಂಕಪಟ್ಟಿ ಮೇಜಿನ ಮೇಲೆ ಬಂದ ಕೂಡಲೇ ಅವು ಏಳುತ್ತವೆ.

ಕಳೆದ ಗುರುವಾರ ನನ್ನ ಹಳೆಯ ಕಾರ್ಖಾನೆಯ ಗೆಳೆಯ ಮನೆಗೆ ಬಂದಿದ್ದ. ಅವನಿಗೆ 52, ಇನ್ನೂ ಎಲ್ಲಿಯೂ ಆಗಿಲ್ಲ, ಬರುವ ಮಂಗಳವಾರ ಪಣಜಿಯಲ್ಲಿ ಸಂದರ್ಶನವಿದೆ. ಕೈಯಲ್ಲಿ ಬಣ್ಣದ ಪೊಟ್ಟಣವಿತ್ತು. "ನೀನು ಹಚ್ಚಲಿಲ್ಲ, ನಾನು ಹಚ್ಚಿದರೆ ತಪ್ಪಾ ಮಾರಾಯಾ?" ಎಂದು ಕೇಳಿದ, ಅಪ್ಪಣೆ ಕೇಳುವವನಂತೆ. ಅವನನ್ನು ಜಗಲಿಯಲ್ಲಿ ಬೆಳಕಿಗೆ ಕೂರಿಸಿ, ಕಿರುಬೆರಳಿನ ಉಗುರಿನಷ್ಟು ಪುಡಿಯನ್ನು ಎರಡು ಹನಿ ನೀರಿನಲ್ಲಿ ಕಲಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಅವನ ಬಲಗಿವಿಯ ಹಿಂದೆ ಒಂದು ಚುಕ್ಕೆ ಇಟ್ಟೆ. ಗಡಿಯಾರದಲ್ಲಿ ಸಂಜೆ ಐದೂಕಾಲು ಆಗಿತ್ತು. ಶನಿವಾರ ಇದೇ ಹೊತ್ತಿಗೆ ಬಾ, ಕೆಂಪಾಗದಿದ್ದರೆ ನಾನೇ ಹಚ್ಚಿಕೊಡುತ್ತೇನೆ ಎಂದೆ.